ಅಂಗಾಲಿನ ಮಣ್ಣು

ಆ ಊರಿಗೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಹೋಗುವಂತಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡಿಸುತ್ತಾರೆ, ಅಂಗಾಲು ನೋಡುತ್ತಾರೆ, ಆಮೇಲೆ ಒಳಗೆ ಬಿಡುತ್ತಾರೆ. ಹಸಿದು ಬಂದವರು, ಬೆಂಕಿಯಿಂದ ಓಡಿ ಬಂದವರು, ಸುಮ್ಮನೆ ಒಂದು ದಾರಿ ಹಿಡಿದು ಬಂದವರು, ಎಲ್ಲರಿಗೂ ಅಲ್ಲಿ ಕೆಲಸವಿದೆ, ಅನ್ನವಿದೆ, ಮಲಗಲು ಜಾಗವಿದೆ.

ಅದಕ್ಕೆ ಬದಲಾಗಿ ಊರು ಕೇಳುವುದು ಒಂದನ್ನೇ. ವರ್ಷಕ್ಕೊಮ್ಮೆ, ಗಾಳಿ ತಿರುಗುವ ದಿನ, ಬಂದವರು ಬಡಿಗಲ್ಲಿನ ಮೇಲೆ ಬೋರಲು ಮಲಗಬೇಕು. ಹುಣಿಸೆ ಕೋಲಿನಿಂದ ಅವರ ಅಂಗಾಲಿಗೆ ಬಡಿಯುತ್ತಾರೆ. ಬಡಿದಂತೆ ಅಂಗಾಲಿನಿಂದ ಮಣ್ಣು ಉದುರುತ್ತದೆ. ಎಷ್ಟು ತೊಳೆದುಕೊಂಡಿದ್ದರೂ ಉದುರುತ್ತದೆ. ಒಬ್ಬರಿಂದ ಕಪ್ಪು ಮಣ್ಣು, ಒಬ್ಬರಿಂದ ಬೂದಿಬಣ್ಣದ್ದು, ಒಬ್ಬರಿಂದ ಚಿಪ್ಪಿನ ಚೂರು ಬೆರೆತ ಬಿಳಿ ಮರಳು. ಅವರು ಬಿಟ್ಟು ಬಂದ ನಾಡು ಯಾವುದೋ ಅದರ ಮಣ್ಣು.

ಉದುರುವುದು ನಿಂತ ದಿನ ಮನುಷ್ಯ ಊರಿನವನಾಗುತ್ತಾನೆ. ಕಲ್ಲಿನಿಂದ ಎದ್ದು ಸುತ್ತ ನೋಡುತ್ತಾನೆ. ಎಲ್ಲಿಂದ ಬಂದೆ ಅನ್ನುವುದು ಅವನಿಗೆ ಗೊತ್ತಿರುವುದಿಲ್ಲ. ಉದುರಿದ ಮಣ್ಣನ್ನು ಗುಡಿಸಿ, ನೀರು ಹುಯ್ದು, ಅವನ ಕೈಯಲ್ಲೇ ಕಲಸಿಸಿ, ಅವನ ಕಾಲಲ್ಲೇ ತುಳಿಸುತ್ತಾರೆ. ಯಾರ ಮಣ್ಣು ಅಂತ ತಿಳಿಯದೆ ಅವನು ತುಳಿಯುತ್ತಾನೆ. ಆ ಕೆಸರು ಊರಿನ ಗೋಡೆಗೆ ಸೇರುತ್ತದೆ. ದೂರದಿಂದ ನೋಡಿದರೆ ಗೋಡೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಅದರೊಳಗೆ ಇರುವವರಿಗೆ ಅದು ಬರೀ ಗೋಡೆ. ಯಾವ ಪಟ್ಟೆ ಯಾರದು ಅಂತ ಕೇಳುವುದು ಅಲ್ಲಿ ತಪ್ಪು, ಹೇಳುವುದು ಇನ್ನೂ ದೊಡ್ಡ ತಪ್ಪು.

ಗೋಡೆಯ ಬಡಗಣ ಮಗ್ಗುಲಲ್ಲಿ ಒಂದು ಕಡೆ ಉಬ್ಬು ಇದೆ. ಹಿಂದೆ ಒಬ್ಬ ಮುದುಕಿಯ ಅಂಗಾಲಿನಿಂದ ಎಷ್ಟು ವರ್ಷ ಬಡಿದರೂ ಮಣ್ಣು ಬರುವುದು ನಿಲ್ಲಲಿಲ್ಲವಂತೆ. ಹಾಗಾದವರನ್ನು ಗೋಡೆಗೆ ಕೊಡುತ್ತಾರೆ. ಗೋಡೆಯಲ್ಲಿ ಆಳೆತ್ತರದ ಸಂದು ಬಿಟ್ಟು, ಅದರಲ್ಲಿ ನಿಲ್ಲಿಸಿ, ಮುಚ್ಚುತ್ತಾರೆ. ಮಳೆ ಬಿದ್ದಾಗ ಆ ಉಬ್ಬಿನ ಮೇಲೆ ಮಾತ್ರ ಹುಲ್ಲು ಹುಟ್ಟುತ್ತದೆ. ಕಿತ್ತು ಹಾಕುತ್ತಾರೆ. ಮತ್ತೆ ಹುಟ್ಟುತ್ತದೆ.

ಈ ಕಥೆಯ ಕಾಲಕ್ಕೆ ಕೋಲು ಹಿಡಿದಿದ್ದವನಿಗೆ ಬಡಿಯುವವನು ಅಂತಲೇ ಹೆಸರು. ಅವನೂ ಒಮ್ಮೆ ಬಂದವನೇ. ಹರೆಯದಲ್ಲಿ ಬಂದ, ಬಡಿಸಿಕೊಂಡ, ಖಾಲಿಯಾದ. ಹಳೆಯ ಬಡಿಯುವವನ ತೋಳು ಸೋತಾಗ ಕೋಲು ಇವನ ಕೈಗೆ ಬಂತು. ಮೊದಲ ದಿನವೇ ಊರು ಇವನ ಕೈಯನ್ನು ಮೆಚ್ಚಿಕೊಂಡಿತು. ಹಿಂದೆ ಕೋಲು ಹಿಡಿದವರು ಸಿಟ್ಟಿನಲ್ಲಿ ಬಡಿಯುತ್ತಿದ್ದರು, ದಣಿಯುತ್ತಿದ್ದರು. ಇವನ ಕೈ ಯಾರೂ ಕಲಿಸದೆ ಒಂದು ಓಟ ಹಿಡಿದಿತ್ತು. ಎರಡು ಪೆಟ್ಟು ತುಂಬು ಭಾರದ್ದು, ಮೂರನೆಯದು ಚಿಕ್ಕದು, ಆಮೇಲೆ ಒಂದು ಉಸಿರಿನಷ್ಟು ಬಿಡುವು. ಮತ್ತೆ ಎರಡು, ಮತ್ತೆ ಚಿಕ್ಕದು, ಮತ್ತೆ ಉಸಿರು. ಹಾಗೆ ಬಡಿದರೆ ದಣಿವೇ ಆಗುವುದಿಲ್ಲ ಎಂದು ಅವನು ಹೇಳುತ್ತಿದ್ದ. ಮಲಗಿದವರು ಕಿರುಚಿದರೂ ಓಟ ತಪ್ಪುತ್ತಿರಲಿಲ್ಲ. ಬೇಗನೆ ಖಾಲಿಯಾಗುತ್ತಿದ್ದರು.

ಅವನಿಗೆ ಹೆಂಡತಿ ಇರಲಿಲ್ಲ. ಸಂಜೆ ಗೋಡೆಯ ಉದ್ದಕ್ಕೂ ನಡೆಯುವುದು ಅವನ ರೂಢಿ. ಒಂದೊಂದು ಪಟ್ಟೆಯ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಯಾವುದರ ಮುಂದೆ ನಿಂತರೂ ಏನೂ ಅನಿಸುತ್ತಿರಲಿಲ್ಲ. ಇದು ಇರಬಹುದೇ, ಅದು ಇರಬಹುದೇ ಎಂದು ಬೆರಳಿನಿಂದ ಕೆರೆದು ಮೂಸಿ ನೋಡುತ್ತಿದ್ದ. ಆಮೇಲೆ ಯಾರಾದರೂ ಕಂಡಾರೆಂದು ಬೆರಳು ಒರೆಸಿಕೊಂಡು ಮನೆಗೆ ಹೋಗುತ್ತಿದ್ದ. ಇಷ್ಟು ಬಿಟ್ಟರೆ ಅವನಿಗೆ ಬೇರೆ ಆಸೆ ಇರಲಿಲ್ಲ.

ಒಂದು ವರ್ಷ ಹಗ್ಗ ಹೊಸೆಯುವವನೊಬ್ಬ ಬಂದ. ದೊಡ್ಡ ಮೈಯವನು. ಕಲ್ಲಿನ ಮೇಲೆ ಮಲಗಲು ಒಪ್ಪಲಿಲ್ಲ. ಹಿಡಿದು ಮಲಗಿಸಿದಾಗ ಒದ್ದ. ಆ ಒದೆಗೆ ಬಡಿಯುವವನ ಮುಂದಿನ ಹಲ್ಲು ಮುರಿಯಿತು. ಮರುಕ್ಷಣ ಜನ ಒದ್ದವನ ಮೇಲೆ ಬಿದ್ದರು. ಕೋಲಿಗೆ ಕಾಯಲಿಲ್ಲ. ಗೋಡೆಯ ಕೆಲಸಕ್ಕೆಂದು ತಂದಿದ್ದ ಕಲ್ಲುಗಳಿಂದ ಅವನ ಮೊಣಕಾಲ ಕೆಳಗೆ ಜಜ್ಜಿದರು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಮುರಿದ ಕಾಲಿನಿಂದ ಕಪ್ಪು ಮಣ್ಣು ಚೀಲ ಹರಿದ ಹಾಗೆ ಒಂದೇ ಸಲ ಸುರಿಯಿತು, ರಕ್ತದ ಜೊತೆ ಕಲಸಿಕೊಂಡು ಕಲ್ಲಿನ ಸುತ್ತ ಹರಡಿತು. ಅವನು ಕಿರುಚುತ್ತಿದ್ದವನು ಸುಮ್ಮನಾದ. ಯಾಕೆ ಇಷ್ಟು ಜನ ಸೇರಿದ್ದೀರಿ ಎಂದು ಕೇಳಿದ. ಅವನಿಂದ ಮಣ್ಣು ತುಳಿಸಲು ಆಗಲಿಲ್ಲ, ಎತ್ತಿ ಹಿಡಿದು ಅವನ ಕಾಲನ್ನು ಕೆಸರಿಗೆ ಮುಟ್ಟಿಸಿ ತೆಗೆದರು. ಆ ಮೇಲೆ ಊರುಗೋಲು ಹಿಡಿದು ಪ್ರತಿ ಬಡಿತದ ದಿನವೂ ಎಲ್ಲರಿಗಿಂತ ಮುಂದೆ ಬಂದು ನಿಲ್ಲುವವನು ಅವನೇ. ಜೋರಾಗಿ ಬಡಿ ಎಂದು ಕೂಗುವವನೂ ಅವನೇ.

ಅದರ ಹಿಂದಿನ ವರ್ಷ ಬಂದಿದ್ದವಳು ನೀರು ಹೊರುವವಳು. ನಡುವಯಸ್ಸಿನ ಹೆಂಗಸು. ಗೋಡೆಯ ಕೆಸರಿಗೆ ಬಾವಿಯಿಂದ ನೀರು ತರುವ ಕೆಲಸ ಅವಳಿಗೆ ಕೊಟ್ಟಿದ್ದರು. ಮೊದಲ ಬಡಿತದಲ್ಲಿ ಅವಳ ಅಂಗಾಲಿನಿಂದ ಕೆಂಪು ಮಣ್ಣು ಉದುರಿತು. ಕುಂಕುಮಕ್ಕಿಂತ ಕಂದು, ಇಟ್ಟಿಗೆಗಿಂತ ಕೆಂಪು. ಆ ಬಣ್ಣ ಗೋಡೆಯಲ್ಲಿ ಇದ್ದದ್ದು ತಳದ ಹತ್ತಿರ ತೆಳುವಾದ ಒಂದೇ ಪಟ್ಟೆಯಲ್ಲಿ. ಆ ನಾಡಿನಿಂದ ಜನ ಬಂದು ತುಂಬಾ ಕಾಲವಾಗಿತ್ತು.

ಎರಡನೆಯ ವರ್ಷ ಮೊದಲಿಗಿಂತ ಹೆಚ್ಚು ಉದುರಿತು. ಮೂರನೆಯ ವರ್ಷ ಅದಕ್ಕಿಂತ ಹೆಚ್ಚು. ಮಣ್ಣು ಗುಡಿಸುವ ಮುದುಕನಿಗೆ ಇದು ತಮಾಷೆಯಾಯಿತು. ಅವನ ಬಾಯಿ ಸುಮ್ಮನಿರುವುದಲ್ಲ.

"ಏನವ್ವ, ಹೊಲಾನೇ ಹೊತ್ಕೊಂಡು ಬಂದಿದ್ದೀಯಲ್ಲ. ಹಿಂದೆ ಎತ್ತೂ ಬರ್ತಾವೇನು?" ಅಂದ.

ಅವಳು ಕಲ್ಲಿಗೆ ಕೆನ್ನೆ ಒತ್ತಿಕೊಂಡೇ, "ಗುಡಿಸಪ್ಪ. ನಿನ್ನ ಸೊಂಟಕ್ಕೂ ಕೆಲಸ ಬೇಕಲ್ಲ" ಅಂದಳು.

ಜನ ನಕ್ಕರು. ಊರಿನ ಹಿರಿಯ ನಗಲಿಲ್ಲ. ಊರಿನಲ್ಲಿ ಅವನ ಮಾತೇ ಕೊನೆ. ಅವನು ಬಗ್ಗಿ ಮಣ್ಣನ್ನು ಚಿಟಿಕೆಯಲ್ಲಿ ಹಿಡಿದು ನೋಡಿದ. ಮನುಷ್ಯರು ತರುವುದು ಒಂದು ಹಿಡಿ, ಎರಡು ಹಿಡಿ, ಅದು ಮುಗಿಯುತ್ತದೆ. ಇವಳಲ್ಲಿ ನಾಡಿನ ಬಾಯಿಯೇ ತೆರೆದಿದೆ, ಮುಚ್ಚದಿದ್ದರೆ ಆ ನಾಡು ನಮ್ಮ ಊರೊಳಗೆ ಬರುತ್ತದೆ ಎಂದು ಹೇಳಿದ. ಮುಂದಿನ ಗಾಳಿ ತಿರುಗುವ ದಿನ ಕೊನೆಯ ಬಡಿತ. ಅವತ್ತೂ ಮಣ್ಣು ನಿಲ್ಲದಿದ್ದರೆ ಅವಳನ್ನು ಗೋಡೆಗೆ ಕೊಡುವುದು ಎಂದು ತೀರ್ಮಾನವಾಯಿತು. ಹಗ್ಗ ಹೊಸೆಯುವವನು ಊರುಗೋಲನ್ನು ನೆಲಕ್ಕೆ ಕುಟ್ಟಿ ಒಪ್ಪಿಗೆ ಕೊಟ್ಟ.

ಗೋಡೆಯಲ್ಲಿ ಸಂದು ಬಿಡಿಸುವ ಕೆಲಸ ಆ ವಾರವೇ ಶುರುವಾಯಿತು. ಅಗೆದ ಜಾಗವನ್ನು ತೇವ ಮಾಡಲು ನೀರು ತರಬೇಕಾದವಳು ಅವಳೇ. ಬೇರೆಯವರಿಗೆ ಆ ಕೆಲಸ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವಳು ತನ್ನ ಸಂದಿಗೆ ತಾನೇ ನೀರು ತಂದು ಹುಯ್ಯುತ್ತಿದ್ದಳು.

ಬಡಿಯುವವನಿಗೆ ಅವಳ ಮೇಲೆ ಸಿಟ್ಟಿತ್ತು. ಅವನ ಕೈಗೆ ಸೋಲದೆ ಉಳಿದವಳು ಅವಳೊಬ್ಬಳು. ಒಂದು ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗ ಸಂದಿನ ಹತ್ತಿರ ಹೋದ. ಅವಳು ಕೊಡ ಇಳಿಸಿ ನೆರಳಿನಲ್ಲಿ ಕೂತಿದ್ದಳು. ಯಾಕೆ ಬಿಡುತ್ತಿಲ್ಲ, ಏನನ್ನು ಹಿಡಿದುಕೊಂಡಿದ್ದೀಯ ಎಂದು ಕೇಳಿದ.

ತಾನು ಏನನ್ನೂ ಹಿಡಿದುಕೊಂಡಿರಲಿಲ್ಲ ಎಂದು ಅವಳು ಹೇಳಿದಳು. ಬಂದಾಗ ಅರ್ಧ ಮರೆತೇ ಬಂದಿದ್ದಳಂತೆ. ಆ ನಾಡು ಅವಳಿಗೆ ಒಳ್ಳೆಯದೇನೂ ಮಾಡಿರಲಿಲ್ಲ. ಕೂಳು ಕೊಡಲಿಲ್ಲ, ಗಂಡನನ್ನು ಉಳಿಸಲಿಲ್ಲ. ದಾರಿಯಲ್ಲಿ ಒಮ್ಮೆಯೂ ತಿರುಗಿ ನೋಡಿರಲಿಲ್ಲ. "ನೀನು ಬಡಿದ ಮೇಲೇ ನನಗೆ ನೆನಪಾಗೋಕೆ ಶುರುವಾದದ್ದು" ಅಂದಳು.

ಬೇರೆಯವರಿಗೂ ನಾನೇ ಬಡಿಯುತ್ತೇನೆ, ಅವರು ಮರೆಯುತ್ತಾರಲ್ಲ ಎಂದು ಅವನು ಕೇಳಿದ.

ಅವಳು ಮುಂದಕ್ಕೆ ಬಗ್ಗಿದಳು. ನೀರು ಚೆಲ್ಲಿ ಒದ್ದೆಯಾಗಿದ್ದ ನೆಲದ ಮೇಲೆ ಅಂಗೈ ಇಟ್ಟಳು. ಬಡಿದಳು. ಎರಡು ಭಾರದ್ದು, ಒಂದು ಚಿಕ್ಕದು, ಒಂದು ಉಸಿರಿನಷ್ಟು ಬಿಡುವು. ಮತ್ತೆ ಎರಡು, ಮತ್ತೆ ಚಿಕ್ಕದು. ಅವನ ಬಲಗೈ ತೊಡೆಯ ಮೇಲೆ ತಾನಾಗಿ ಏಳತೊಡಗಿತು. ಎಡಗೈಯಿಂದ ಅದನ್ನು ಹಿಡಿದುಕೊಂಡ.

"ನಮ್ಮ ಕಡೆ ಮಣ್ಣಿನ ನೆಲ ಹೀಗೇ ಬಡಿಯೋದು, ಅಣ್ಣ" ಅಂದಳು. ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. "ಹೊಸ ಮನೆಯಾದರೆ, ಮದುವೆಯಾದರೆ, ನೆಲ ಕಿತ್ತು ಮತ್ತೆ ಬಡೀತೀವಿ. ಹೆಂಗಸರು ಎದುರು ಬದುರು ಕೂತು, ಕೈಯಲ್ಲಿ ಹಲಗೆ ಹಿಡಿದು. ಎರಡು ಪೆಟ್ಟಿಗೆ ಮಣ್ಣು ಕೂರ್ತದೆ. ಅಂಚು ಎದ್ದಿರ್ತದಲ್ಲ, ಚಿಕ್ಕ ಪೆಟ್ಟು ಅದಕ್ಕೆ. ಉಸಿರು ಬಿಡೋದು ಹಿಂದಕ್ಕೆ ಸರಿಯೋಕೆ."

ಅವನು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಆಮೇಲೆ, ನಾನು ಹೆಂಗಸಲ್ಲವಲ್ಲ ಎಂದ.

"ಗಂಡಸರು ಬಡಿಯೋದು ಒಂದೇ ಸಲ. ತಾಯಿ ಸತ್ತಾಗ. ಹೆಣ ಇಟ್ಟ ಜಾಗ ಕಾಣಬಾರದು ಅಂತ ಮಗ ಒಬ್ಬನೇ ಕೂತು ಬಡೀಬೇಕು. ಬೆಳಗಿಂದ ಸಂಜೆವರೆಗೆ. ಆ ಕೈ ಮರೆಯೋದಿಲ್ಲ." ಅವಳು ಸೆರಗಿನಿಂದ ಅಂಗೈ ಒರೆಸಿಕೊಂಡಳು. "ನಿನ್ನ ತಾಯಿ ಹೋದಾಗ ನೀನು ಅಲ್ಲೇ ಇದ್ದೆ. ಅಷ್ಟು ಗೊತ್ತಾಯ್ತಲ್ಲ."

ಅವನಿಗೆ ಯಾವ ಮುಖವೂ ನೆನಪಾಗಲಿಲ್ಲ. ಆದರೆ ಕಾಲಿಂದ ಹೋದದ್ದು ಕೈಯಲ್ಲಿ ಉಳಿದಿತ್ತು ಎಂದು ತಿಳಿಯಿತು. ಕಪ್ಪು ಮಣ್ಣಿನವರಿಗೆ, ಬಿಳಿ ಮರಳಿನವರಿಗೆ ಆ ಪೆಟ್ಟು ಬರೀ ಪೆಟ್ಟು, ಅವರು ಖಾಲಿಯಾದರು. ಇವಳಿಗೆ ಮಾತ್ರ ಅವನು ವರ್ಷ ವರ್ಷವೂ ಕೂತು ಅವಳ ಮನೆಯ ನೆಲ ಬಡಿದುಕೊಟ್ಟಿದ್ದ. ಮಣ್ಣು ಮುಗಿಯುವುದಾದರೂ ಹೇಗೆ. ಅವಳನ್ನು ಈ ಸಂದಿನ ತನಕ ತಂದು ನಿಲ್ಲಿಸಿದ್ದು ಅವನದೇ ಕೈ.

ಓಡಿಹೋಗು ಎಂದ. ಅವಳು ಊರಬಾಗಿಲ ಕಡೆ ಕೈ ತೋರಿಸಿದಳು. ಓಡಿ ಸಿಕ್ಕಿಬಿದ್ದವರ ಅಂಗಾಲಿನ ಚರ್ಮ ಸುಲಿದು ಆ ಬಾಗಿಲಿಗೆ ಮೊಳೆ ಹೊಡೆದಿದ್ದರು. ಒಣಗಿ ಮುದುರಿಕೊಂಡಿದ್ದವು.

ಹಾಗಾದರೆ ಬೇರೆ ಥರ ಬಡಿಯುತ್ತೇನೆ ಎಂದ. ಓಟ ಮುರಿದು, ಗೊತ್ತು ಗುರಿ ಇಲ್ಲದೆ, ಪರಕೀಯನ ಹಾಗೆ ಬಡಿದರೆ ಮಣ್ಣು ನಿಲ್ಲುತ್ತದೆ. ನೀನು ಬದುಕುತ್ತೀಯ.

"ಬೇಡ" ಅಂದಳು. "ನಿನ್ನ ಕೈಗೆ ಬಂದ ಹಾಗೇ ಹೊಡಿ. ಗೋಡೆಗೆ ಹೋಗ್ತೀನಿ, ನನ್ನ ಮಣ್ಣು ಇಟ್ಕೊಂಡೇ ಹೋಗ್ತೀನಿ. ನಿನ್ನ ಹಾಗೆ ಸಂಜೆ ಹೊತ್ತು ಗೋಡೆ ಮೂಸಿಕೊಂಡು ತಿರುಗೋದು ನನಗೆ ಬೇಡ."

ಅವನು ತಲೆ ತಗ್ಗಿಸಿದ. ಅಲ್ಲಿಂದ ಏಳುವ ಮೊದಲು ಒಂದೇ ಮಾತು ಕೇಳಿದ. ಆ ನಾಡು ಹೇಗಿದೆ ಎಂದು. ಅವಳು ಯೋಚಿಸಿ, ಹೇಳುವಂಥದ್ದೇನೂ ಇಲ್ಲ ಎಂದಳು. ಮನೆಗಳು ಕುಳ್ಳಗೆ. ಬಟ್ಟೆ ಎಷ್ಟು ಒಗೆದರೂ ಅಂಚಿಗೆ ಕೆಂಪು. ನೆಲ ಬಡಿದು ಮುಗಿದ ಮೇಲೆ ಎಲ್ಲರ ಕೈಗೂ ಒಂದು ಚೂರು ಬೆಲ್ಲ ಕೊಡುತ್ತಾರೆ, ಕೈ ತೊಳೆಯದೆ ತಿನ್ನಬೇಕು, ಮಣ್ಣು ಸ್ವಲ್ಪ ಹೊಟ್ಟೆಗೆ ಹೋಗಬೇಕು.

ಆ ದಿನದಿಂದ ಅವನು ಗೋಡೆಯ ಉದ್ದಕ್ಕೂ ನಡೆಯಲಿಲ್ಲ. ಸಂಜೆ ತಳದ ಹತ್ತಿರದ ತೆಳು ಪಟ್ಟೆಯ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತುಕೊಳ್ಳುತ್ತಿದ್ದ. ಅವಳು ಕೊಡ ಹೊತ್ತು ಆ ದಾರಿಯಲ್ಲಿ ಹೋಗುವಾಗ ನಿಲ್ಲದೆ ಒಂದೆರಡು ಮಾತು ಹೇಳಿ ಹೋಗುತ್ತಿದ್ದಳು. ಒಂದು ಸಂಜೆ ಅಲ್ಲಿನ ಬಾವಿಯ ಬಗ್ಗೆ. ಒಂದು ಸಂಜೆ ಒಂದು ಬಯ್ಗುಳ, ಆ ನಾಡಿನಲ್ಲಿ ಮಾತ್ರ ಬಯ್ಯುವಂಥದ್ದು. ಅವನು ಅದನ್ನು ಹೇಳಿಕೊಂಡು ಒಬ್ಬನೇ ನಕ್ಕ. ಅವಳು ಹೋದರೆ ಇದನ್ನೆಲ್ಲ ಹೇಳುವವರು ಇಲ್ಲ. ಅವಳು ಉಳಿದು ಮರೆತರೂ ಇಲ್ಲ. ದಿನ ಹತ್ತಿರವಾದಂತೆ ಅವನು ಈ ಎರಡನ್ನೇ ತಿರುಗಿಸಿ ಮುರುಗಿಸಿ ನೋಡಿದ. ಅವಳು ಬದುಕಿರಲಿ ಎಂದು ಕೊನೆಗೆ ನಿಶ್ಚಯಿಸಿಕೊಂಡ. ಅವಳಿಗೆ ಹೇಳಲಿಲ್ಲ.

ಗಾಳಿ ತಿರುಗಿತು. ಊರೆಲ್ಲ ಬಡಿಗಲ್ಲಿನ ಸುತ್ತ ಸೇರಿತು. ಸಂದಿನ ಪಕ್ಕ ಕೆಸರು ಕಲಸಿ ಸಿದ್ಧವಾಗಿತ್ತು. ಅವಳು ತಾನಾಗಿ ಬಂದು ಬೋರಲು ಮಲಗಿದಳು. ಇಬ್ಬರು ಕಾಲು ಹಿಡಿದರು. ಅವನು ಕೋಲು ಎತ್ತಿದ.

ಮೊದಲ ಪೆಟ್ಟು ಬಿದ್ದಾಗಲೇ ಅವಳಿಗೆ ಗೊತ್ತಾಯಿತು. ತಲೆ ಎತ್ತಿ ತಿರುಗಿಸಿ ಅವನನ್ನು ನೋಡಿದಳು. ಅವನು ನೋಡಲಿಲ್ಲ. ಒಂದು ಭಾರದ್ದು, ಆಮೇಲೆ ಮೂರು ಒಂದರ ಮೇಲೊಂದು, ಆಮೇಲೆ ಬಿಡುವೇ ಇಲ್ಲದೆ ಇನ್ನೊಂದು. ಕೈ ಪ್ರತಿ ಸಲವೂ ತನ್ನ ಓಟಕ್ಕೆ ಹೋಗಲು ನೋಡಿತು. ಪ್ರತಿ ಸಲವೂ ಅವನು ಅದನ್ನು ಎಳೆದು ತಪ್ಪಿಸಿದ. ಕುದುರೆಯ ಬಾಯಿ ಹರಿಯುವ ಹಾಗೆ ಎಳೆದ. ಗುರಿ ತಪ್ಪಿದ ಪೆಟ್ಟುಗಳು ಹಿಮ್ಮಡಿಗೆ ಬಿದ್ದವು, ಗೆಣ್ಣಿಗೆ ಬಿದ್ದವು, ಬೆರಳಿಗೆ ಬಿದ್ದವು. ಕಿರುಬೆರಳು ಮುರಿದು ಪಕ್ಕಕ್ಕೆ ವಾಲಿತು. ಅಂಗಾಲಿನ ಚರ್ಮ ಸೀಳಿತು. ಅವಳು ಇಷ್ಟು ವರ್ಷ ಕಿರುಚಿದವಳಲ್ಲ, ಅವತ್ತು ಕಿರುಚಿದಳು.

"ಹಾಗಲ್ಲ ಅಣ್ಣ" ಅಂದಳು. "ಹಾಗಲ್ಲ."

ಹಗ್ಗ ಹೊಸೆಯುವವನು ಜೋರಾಗಿ ಬಡಿ ಎಂದು ಕೂಗಿದ. ಬಡಿಯುವವನ ಮೋರೆಗೆ ರಕ್ತ ಸಿಡಿಯಿತು. ಮೊದಲು ಮಣ್ಣು ಧಾರೆಯಾಗಿ ಬಿತ್ತು, ಆಮೇಲೆ ಚಿಟಿಕೆಯಷ್ಟು, ಆಮೇಲೆ ಕಾಳಿನಷ್ಟು. ಅವಳು ಹಾಗಲ್ಲ ಹಾಗಲ್ಲ ಎನ್ನುತ್ತಲೇ ಇದ್ದಳು. ಒಂದು ಹೊತ್ತಿಗೆ ಅಣ್ಣ ಅನ್ನುವುದು ಬಿಟ್ಟುಹೋಯಿತು. ಇನ್ನೊಂದು ಹೊತ್ತಿಗೆ ಮಾತೂ ನಿಂತಿತು. ಕೋಲು ಬಿದ್ದರೆ ರಕ್ತ ಬಿಟ್ಟು ಬೇರೇನೂ ಬರಲಿಲ್ಲ.

ಹಿರಿಯ ಕೈ ಎತ್ತಿದ. ಅವಳನ್ನು ಎತ್ತಿ ಕೂರಿಸಿದರು. ಅವಳು ತನ್ನ ಕಾಲು ನೋಡಿಕೊಂಡಳು, ಜನರನ್ನು ನೋಡಿದಳು, ಕೋಲು ಹಿಡಿದು ಏದುಸಿರು ಬಿಡುತ್ತ ನಿಂತಿದ್ದವನನ್ನು ನೋಡಿದಳು.

"ಯಾರಯ್ಯ ನೀನು? ಯಾಕೆ ಅಳ್ತಿದ್ದೀಯ?" ಅಂದಳು.

ಗುಡಿಸುವ ಮುದುಕ ಕೆಂಪು ಮಣ್ಣನ್ನು ರಾಶಿ ಮಾಡಿ ನೀರು ಹುಯ್ದ. ಇಬ್ಬರ ಭುಜ ಹಿಡಿದುಕೊಂಡು ಅವಳು ಒಡೆದ ಕಾಲಿನಿಂದ ಅದನ್ನು ತುಳಿದಳು. ತಣ್ಣಗಿದೆ, ಹಾಯಾಗಿದೆ ಎಂದಳು. ಗೋಡೆಗೆ ಒಂದು ಕೆಂಪು ಪಟ್ಟೆ ಸೇರಿತು. ಸಂದು ತೆರೆದೇ ಉಳಿಯಿತು.

ಬಡಿಯುವವನು ಮನೆಗೆ ಹೊರಟ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಗುಡಿಸುವ ಮುದುಕನ ದನಿ ಕೇಳಿಸಿತು. "ಅಯ್ಯಾ, ನಿನ್ನ ಹೆಜ್ಜೆ ನೋಡು." ಅವನು ತಿರುಗಿ ನೋಡಿದ. ಕಲ್ಲಿನಿಂದ ಅವನು ನಿಂತಲ್ಲಿಯವರೆಗೆ ಕೆಂಪು ಹೆಜ್ಜೆಗಳಿದ್ದವು. ಅವಳ ರಕ್ತ ಮೆಟ್ಟಿದ್ದೇನೆ ಎಂದ. ಬಾವಿಗೆ ಹೋಗಿ ಕಾಲು ತೊಳೆದುಕೊಂಡ. ಮತ್ತೆ ನಡೆದ. ಮತ್ತೆ ಕೆಂಪು. ಮುದುಕ ಪೊರಕೆ ಊರಿ ಹಿಂದೆಯೇ ಬರುತ್ತಿದ್ದ. ಮುದುಕನಿಗೆ ತಮಾಷೆ ಮಾಡಲು ಏನಾದರೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಬಗ್ಗಿ ಒಂದು ಹೆಜ್ಜೆಯನ್ನು ಮುಟ್ಟಿದ. ಬೆರಳಿಗೆ ಒಣ ಮಣ್ಣು ಅಂಟಿತು.

ಖಾಲಿಯಾದವನಲ್ಲಿ ಮತ್ತೆ ಮಣ್ಣು ಹುಟ್ಟಿದ್ದು ಆ ಊರು ಕಂಡಿರಲಿಲ್ಲ. ಆದರೂ ಹಿರಿಯನಿಗೆ ಯೋಚಿಸಬೇಕಾಗಲಿಲ್ಲ. ಮಣ್ಣು ಇರುವವರು ಕಲ್ಲಿನ ಮೇಲೆ ಮಲಗಬೇಕು, ಯಾರಾದರೇನು. ಕೋಲು ಕೈ ಬದಲಾಗುವಾಗ ಅದನ್ನು ಎಲ್ಲರಿಗಿಂತ ಕೊನೆಗೆ ಖಾಲಿಯಾದವರಿಗೆ ಕೊಡುವುದು ರೂಢಿ, ಅವರ ಕೈಯಲ್ಲಿ ಊರು ಹೊಸದಾಗಿರುತ್ತದೆ. ಇವನು ಹೊಸಬನಲ್ಲ, ಇವನಿಗೆ ವರ್ಷಗಳ ವಾಯಿದೆ ಇಲ್ಲ. ಮಣ್ಣು ಇವತ್ತೇ ನಿಲ್ಲಬೇಕು. ನಿಲ್ಲದಿದ್ದರೆ, ಸಂದು ಹೇಗೂ ತೆರೆದಿದೆ.

ಅದೇ ಜನ, ಅದೇ ಕಲ್ಲು. ಕಲ್ಲಿನ ಮೇಲೆ ಅವಳ ರಕ್ತ ಇನ್ನೂ ಒಣಗಿರಲಿಲ್ಲ. ಅವನು ಬೋರಲು ಮಲಗಿ ಅದರ ಮೇಲೆ ಕೆನ್ನೆ ಇಟ್ಟ. ನೀರು ಹೊರುವವಳನ್ನು ಕಾಲು ಕಟ್ಟಿ ಒಂದು ಮಣೆಯ ಮೇಲೆ ಅವನ ಅಂಗಾಲಿನ ಎದುರು ಕೂರಿಸಿದರು. ಕೋಲು ಕೊಟ್ಟರು. ಹೇಗೆ ಹೊಡೆಯಬೇಕು ಎಂದು ಅವಳು ಕೇಳಿದಳು. ಕೈಗೆ ಬಂದ ಹಾಗೆ ಹೊಡಿ ಎಂದು ಹಿರಿಯ ಹೇಳಿದ.

ಮೊದಲ ಪೆಟ್ಟು ಬಿತ್ತು. ಎರಡನೆಯದು ಬಿತ್ತು. ಎರಡೂ ತುಂಬು ಭಾರದ್ದು. ಅವನು ಕಣ್ಣು ಮುಚ್ಚಿ ಕಾದ. ಮೂರನೆಯದು ಚಿಕ್ಕದಾಗಿ ಬಂತು. ಆಮೇಲೆ ಒಂದು ಉಸಿರಿನಷ್ಟು ಏನೂ ಬರಲಿಲ್ಲ.

ಕೆಂಪು ಮಣ್ಣು ಉದುರಿತು.

ಅವಳ ಮುಖದಲ್ಲಿ ಏನೂ ಇರಲಿಲ್ಲ. ಗುಡಿಸುವ ಮುದುಕ ಅವಳ ಕಿವಿಯ ಹತ್ತಿರ ಬಗ್ಗಿ, ಹೀಗೆ ಬಡಿಯಲು ಎಲ್ಲಿ ಕಲಿತೆ ಎಂದು ಮೆಲ್ಲಗೆ ಕೇಳಿದ. "ಗೊತ್ತಿಲ್ಲಪ್ಪ, ಹೀಗೆ ಹೊಡೆದರೆ ಕೈ ನೋಯಲ್ಲ" ಅಂದಳು. ಹಗ್ಗ ಹೊಸೆಯುವವನು ಕೂಗಿದ. ಅವಳು ಬಡಿದಳು. ಎರಡು, ಆಮೇಲೆ ಚಿಕ್ಕದು, ಆಮೇಲೆ ಉಸಿರು. ಚರ್ಮ ಸೀಳಿತು, ರಕ್ತ ಬಂತು, ರಕ್ತಕ್ಕಿಂತ ಹೆಚ್ಚು ಮಣ್ಣು ಬಂತು. ಹಿಡಿಯಷ್ಟು, ಬೊಗಸೆಯಷ್ಟು, ಕಲ್ಲಿನ ಕೆಳಗೆ ಮಡಿಲಷ್ಟು. ಮುದುಕ ಗುಡಿಸುವುದನ್ನು ನಿಲ್ಲಿಸಿದ. ಅತ್ತ ಕೆಲಸದವರು ಸಂದಿನ ಪಕ್ಕದ ಕೆಸರಿಗೆ ಇನ್ನೊಂದಿಷ್ಟು ನೀರು ಹುಯ್ದು ಸಡಿಲ ಮಾಡತೊಡಗಿದರು.

ಕೈ ಬದಲಿಸು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಓಟ ತಪ್ಪಿಸಿ ಹೊಡಿ ತಂಗಿ, ಮಣ್ಣು ನಿಲ್ಲುತ್ತದೆ, ಮರೆಯುತ್ತೇನೆ, ಬದುಕುತ್ತೇನೆ ಎನ್ನಬಹುದಿತ್ತು. ಅವನು ಹೇಳಿದ್ದರೆ ಅವಳು ಹಾಗೇ ಮಾಡುತ್ತಿದ್ದಳು.

ಅವನು ಹೇಳಲಿಲ್ಲ. ಒಂದು ಕುಳ್ಳ ಮನೆಯ ಒಳಗೆ, ಬಾಗಿಲಿನಿಂದ ಬಿದ್ದ ಬೆಳಕಿನಲ್ಲಿ, ಒಬ್ಬ ಹುಡುಗ ಒಬ್ಬನೇ ಕೂತು ಹಸಿ ನೆಲವನ್ನು ಬಡಿಯುತ್ತಿದ್ದ. ನೆಲದಲ್ಲಿ ಒಬ್ಬರು ಮಲಗಿದ್ದಷ್ಟು ಉದ್ದಕ್ಕೆ ತಗ್ಗು ಇನ್ನೂ ಕಾಣುತ್ತಿತ್ತು. ಹುಡುಗ ಎರಡು ಪೆಟ್ಟು ಹಾಕಿದ, ಅಂಚಿಗೊಂದು ಚಿಕ್ಕದು ಹಾಕಿದ, ಉಸಿರು ಬಿಟ್ಟು ಹಿಂದಕ್ಕೆ ಸರಿದ. ಯಾರೋ ಹೊರಗಿನಿಂದ ಅವನನ್ನು ಹೆಸರು ಹಿಡಿದು ಕರೆದರು. ಸಂಜೆಯಾಯಿತು, ಸಾಕು ಬಾ, ಬೆಲ್ಲ ತಿನ್ನು ಬಾ ಎಂದರು. ಹುಡುಗ ಏಳಲಿಲ್ಲ. ಇನ್ನೂ ಸ್ವಲ್ಪ ಜಾಗ ಉಳಿದಿತ್ತು.